ಕೈ ನನ್ನದು, ವಿದ್ಯೆ ಮಾಮನದು

ನಮ್ಮ ಮನೆಯಲ್ಲಿ ದುಡಿಯುವವರು ಇಬ್ಬರು. ಒಬ್ಬರು ಅಮ್ಮ, ಇನ್ನೊಂದು 2007ರ ಮಾರುತಿ 800. ನಾನು ಬಿ.ಕಾಂ. ಮುಗಿಸಿ ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವವಳು. ಎರಡು ಸಲ ಪ್ರಿಲಿಮ್ಸ್ ದಾಟಿ ಮೇನ್ಸ್‌ನಲ್ಲಿ ನಿಂತಿದ್ದೇನೆ. ಹಾಗಾಗಿ ಸದ್ಯಕ್ಕೆ ಲೆಕ್ಕಕ್ಕಿಲ್ಲ.

ಅಮ್ಮ ಬೆಳಗ್ಗಿನ ಜಾವ ಮೂರೂವರೆಗೆ ಏಳುತ್ತಾರೆ. ಇಡ್ಲಿ, ಪುಂಡಿ, ಸಾಂಬಾರು, ಚಟ್ನಿ ಎಲ್ಲ ಡಬ್ಬಿಗಳಿಗೆ ತುಂಬಿ ಆರೂಕಾಲಕ್ಕೆ ಕಾರಿನ ಹಿಂದಿನ ಸೀಟಿಗೆ ಏರುತ್ತವೆ. ಕೊಟ್ಟಾರ ಚೌಕಿಯಿಂದ ಹೊರಟು ದೇರೆಬೈಲು, ಕುಂಟಿಕಾನ, ಉರ್ವಸ್ಟೋರ್ ಸುತ್ತಿ ನಾಲ್ಕು ಕಡೆ ತಿಂಡಿ ಇಳಿಸಿ ಎಂಟಕ್ಕೆ ಮನೆಗೆ ವಾಪಸ್. ಮೂರು ಪಿ.ಜಿ. ಹಾಸ್ಟೆಲ್, ಒಂದು ಸಣ್ಣ ಕ್ಯಾಂಟೀನು. ಏಳು ಗಂಟೆಯೊಳಗೆ ಇಡ್ಲಿ ಬರಲಿಲ್ಲ ಎಂದರೆ ಹಾಸ್ಟೆಲಿನ ಹುಡುಗಿಯರು ಖಾಲಿ ಹೊಟ್ಟೆಯಲ್ಲಿ ಶಿಫ್ಟಿಗೆ ಹೊರಡುತ್ತಾರೆ. ಎರಡು ದಿನ ಹಾಗಾದರೆ ವಾರ್ಡನ್ ಇನ್ನೊಬ್ಬರನ್ನು ಹುಡುಕುತ್ತಾರೆ. ಅವರದ್ದು ತಪ್ಪು ಎನ್ನಲಿಕ್ಕಾಗುವುದಿಲ್ಲ.

ಇಂಥ ಕಾರಿನ ಕೂಲೆಂಟ್ ಡಬ್ಬಿ ಮೇ ತಿಂಗಳಲ್ಲಿ ದಿನದಿಂದ ದಿನಕ್ಕೆ ಇಳಿಯತೊಡಗಿತು. ಹೋಸ್‌ಗಳೆಲ್ಲ ಒಣಗಿದ್ದವು. ರಾತ್ರಿ ಕಾರಿನ ಅಡಿಗೆ ರಟ್ಟು ಹಾಸಿ ಮಲಗಿದೆವು. ಬೆಳಿಗ್ಗೆ ಎಂಜಿನ್ನಿನ ಒಂದು ಬದಿಯಲ್ಲಿ, ಬೆಲ್ಟುಗಳು ಇರುವ ಕಡೆ, ಐದು ರೂಪಾಯಿ ನಾಣ್ಯದಷ್ಟು ಹಸಿರು ಕಲೆ. ಇದು ಯಾರು ಬೇಕಾದರೂ ಮಾಡಬಹುದಾದ ಪರೀಕ್ಷೆ. ಸೋರಿಕೆ ಎಲ್ಲಿಂದ ಎಂದು ಊಹಿಸುತ್ತ ಕೂರುವುದಕ್ಕಿಂತ ಒಂದು ರಟ್ಟಿನ ತುಂಡು ಹೆಚ್ಚು ಹೇಳುತ್ತದೆ. ಮಳೆ ಶುರುವಾದ ಮೇಲಾದರೆ ನಮ್ಮ ಅಂಗಳದಲ್ಲಿ ಒಣ ಜಾಗವೇ ಸಿಗದು, ಕಲೆಯೂ ಕಾಣದು.

ಅಮ್ಮ ಅವರ ಅಣ್ಣನಿಗೆ ಫೋನ್ ಮಾಡಿದರು. ತುಳುವಿನಲ್ಲಿ ಸೋದರಮಾವನಿಗೆ ತಮ್ಮಲೆ ಎನ್ನುತ್ತಾರಾದರೂ ನಾನು ಕರೆಯುವುದು ಮಾಮ ಎಂದೇ. ಮೂವತ್ತು ವರ್ಷ ಖಾಸಗಿ ಬಸ್ಸಿನ ಶೆಡ್ಡಿನಲ್ಲಿ ಕೆಲಸ ಮಾಡಿದವರು. ಮಂಗಳೂರು 1914ರಲ್ಲೇ ಕೆನರಾ ಪಬ್ಲಿಕ್ ಕನ್ವೇಯನ್ಸ್ ಎಂಬ ಬಸ್ ಕಂಪೆನಿ ಕಂಡ ಊರು. ಇಲ್ಲಿ ಸ್ಪ್ಯಾನರ್ ಹಿಡಿದೇ ಸಂಸಾರ ಸಾಗಿಸಿದವರು ಓಣಿಗೊಬ್ಬರಾದರೂ ಸಿಗುತ್ತಾರೆ. ಮಾಮ ಬಂದರು. ಎಂಜಿನ್ ಚಾಲೂ ಮಾಡಿಸಿ, ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಪಂಪಿನ ಮೈಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಇಟ್ಟುಕೊಂಡರು.

‘ವಾಟರ್ ಪಂಪ್ ಹೋಗಿದೆ. ಬೇರಿಂಗ್ ಕಿರುಗುಟ್ಟುವುದು ಕೇಳ್ತದೆ. ಬೆಲ್ಟ್ ಯಾವಾಗ ಹಾಕಿಸಿದ್ದು?’

ಯಾರಿಗೂ ಗೊತ್ತಿರಲಿಲ್ಲ. 2016ರಲ್ಲಿ ಸೆಕೆಂಡ್‌ಹ್ಯಾಂಡ್ ಕೊಂಡ ಕಾರು. ಸರ್ವಿಸ್ ಪುಸ್ತಕದಲ್ಲಿ ಟೈಮಿಂಗ್ ಬೆಲ್ಟ್ ಎಂಬ ಶಬ್ದವೇ ಇರಲಿಲ್ಲ. ಮಾಮ ಪಂಪಿಗಿಂತ ಹೆಚ್ಚು ಹೆದರಿದ್ದು ಅದಕ್ಕೆ.

ಗ್ಯಾರೇಜಿನಲ್ಲಿ ಕೇಳಿದೆವು. 7,500 ರೂಪಾಯಿ, ನಾಲ್ಕು ದಿನ. ಮಾಡಬೇಕಾದ ಕೆಲಸ ನೋಡಿದರೆ ಹಣ ನ್ಯಾಯವಾದದ್ದೇ. ಕಷ್ಟ ಇದ್ದದ್ದು ನಾಲ್ಕು ದಿನದಲ್ಲಿ. ಮಳೆಗಾಲಕ್ಕೆ ಮುಂಚಿನ ವಾರ ಊರಿನ ಕಾರುಗಳೆಲ್ಲ ವೈಪರ್, ಬ್ರೇಕ್ ಎಂದು ಗ್ಯಾರೇಜಿನ ಮುಂದೆ ಸಾಲು ನಿಂತಿರುತ್ತವೆ. ಅಮ್ಮನಿಗೆ ಬಿಡುವು ಇದ್ದದ್ದು ಶನಿವಾರ ಬೆಳಿಗ್ಗೆ ಒಂಬತ್ತರಿಂದ ಸೋಮವಾರ ಬೆಳಿಗ್ಗೆ ಆರರವರೆಗೆ. ಭಾನುವಾರ ತಿಂಡಿಯ ಗಿರಾಕಿಗಳಿಗೆ ರಜೆ. ನಲವತ್ತೈದು ಗಂಟೆ.

‘ನಾನು ಮಾಡಿ ಕೊಡ್ತಿದ್ದೆ. ಆದರೆ ಇದು ಉಂಟಲ್ಲ’ ಎಂದು ಮಾಮ ಕಪ್ಪು ಕನ್ನಡಕ ಮುಟ್ಟಿಕೊಂಡರು. ಬಲಗಣ್ಣಿನ ಪೊರೆ ತೆಗೆಸಿ ಹತ್ತು ದಿನ ಆಗಿತ್ತು. ಬಗ್ಗಬಾರದು, ಭಾರ ಎತ್ತಬಾರದು, ಕಣ್ಣಿಗೆ ಧೂಳು ಬೀಳಬಾರದು. ಎಡಗಣ್ಣಿನ ಪೊರೆ ಇನ್ನೂ ತೆಗೆದಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ನನ್ನ ಕಡೆ ತಿರುಗಿದರು. ‘ನೀನು ಮಾಡ್ತೀಯಾ? ನಾನು ಕುರ್ಚಿಯಲ್ಲಿ ಕೂತು ಹೇಳ್ತೇನೆ.’

ಅಲ್ಲಿಯವರೆಗೆ ನಾನು ಕಾರಿಗೆ ಮಾಡಿದ್ದ ದೊಡ್ಡ ಕೆಲಸ ಪಂಕ್ಚರ್ ಆದ ಟೈರ್ ಬದಲಿಸಿದ್ದು.

ಮುಂದೆ ಹೋಗುವ ಮೊದಲು, ಈ ಬೆಲ್ಟ್ ಯಾಕೆ ಇಷ್ಟು ಹೆದರಿಸುತ್ತದೆ ಎಂದು ಹೇಳಬೇಕು. ಎಂಜಿನ್ನಿನ ಕೆಳಗೆ ಪಿಸ್ಟನ್‌ಗಳನ್ನು ಏರಿಳಿಸುವ ಕ್ರ್ಯಾಂಕ್‌ಶಾಫ್ಟ್ ಇದೆ. ಮೇಲೆ ವಾಲ್ವ್‌ಗಳನ್ನು ತೆರೆದು ಮುಚ್ಚುವ ಕ್ಯಾಮ್‌ಶಾಫ್ಟ್. ಕೆಳಗಿನದು ಎರಡು ಸುತ್ತು ತಿರುಗುವಷ್ಟರಲ್ಲಿ ಮೇಲಿನದು ಒಂದೇ ಸುತ್ತು ತಿರುಗಬೇಕು, ಅದೂ ಒಂದು ಹಲ್ಲಿನಷ್ಟೂ ಹೆಚ್ಚುಕಮ್ಮಿ ಇಲ್ಲದೆ. ಎರಡನ್ನೂ ಹಿಡಿದು ಕಟ್ಟಿರುವುದು ಒಳಮುಖದಲ್ಲಿ ಹಲ್ಲುಗಳಿರುವ ಒಂದು ರಬ್ಬರ್ ಪಟ್ಟಿ. ಮೊದಲು ಈ ಕೆಲಸಕ್ಕೆ ಚೈನು ಅಥವಾ ಗೇರುಗಳಿದ್ದವು. 1962ರಲ್ಲಿ ಜರ್ಮನಿಯ ಗ್ಲಾಸ್ ಕಂಪೆನಿ ತನ್ನ 1004 ಕಾರಿನಲ್ಲಿ ಹಲ್ಲಿನ ಬೆಲ್ಟ್ ತಂದಿತು. ಅಗ್ಗ, ಹಗುರ, ಸದ್ದಿಲ್ಲ, ಎಣ್ಣೆ ಬೇಡ. ಆದರೆ ರಬ್ಬರಿಗೆ ಆಯಸ್ಸು ಇದೆ. ಓಡಿದ ಕಿಲೋಮೀಟರಿನಿಂದ ಮಾತ್ರವಲ್ಲ, ಸುಮ್ಮನೆ ನಿಂತ ವರ್ಷಗಳಿಂದಲೂ ಅದು ಮುದಿಯಾಗುತ್ತದೆ. ಓಡುವಾಗ ಕಡಿದರೆ ಮೇಲಿನ ವಾಲ್ವ್‌ಗಳು ಇದ್ದಲ್ಲೇ ನಿಲ್ಲುತ್ತವೆ, ಕೆಳಗಿನ ಪಿಸ್ಟನ್‌ಗಳು ವೇಗದಲ್ಲಿ ಮೇಲೇರುತ್ತಲೇ ಇರುತ್ತವೆ. ಎರಡಕ್ಕೂ ಒಂದೇ ಜಾಗ ಬೇಕಾಗುವ ಹಾಗೆ ವಿನ್ಯಾಸ ಮಾಡಿರುವ ಎಂಜಿನ್ನುಗಳಲ್ಲಿ ವಾಲ್ವ್ ಬಾಗುತ್ತದೆ, ಕೆಲವೊಮ್ಮೆ ಪಿಸ್ಟನ್ ತೂತಾಗುತ್ತದೆ. ಐನೂರು ರೂಪಾಯಿಯ ಪಟ್ಟಿ ಕಡಿದು ಎಂಜಿನ್ನಿನ ತಲೆಯನ್ನೇ ಬಿಚ್ಚಿಸುವುದು ಹೀಗೆ. ‘ಯಾವ ಎಂಜಿನ್ ಆದರೂ ಬಡಿಯುತ್ತದೆ ಅಂತಲೇ ತಿಳಿದು ಕೈ ಹಾಕು’ ಎನ್ನುವುದು ಮಾಮನ ಶೆಡ್ಡಿನ ನಿಯಮ.

ಎಲ್ಲ ಕಾರುಗಳಲ್ಲೂ ಬೆಲ್ಟ್ ಇಲ್ಲ. ಮಾರುತಿಯ ಕೆ-ಸರಣಿಯ ಪೆಟ್ರೋಲ್ ಎಂಜಿನ್ನುಗಳಲ್ಲಿ, ಹಳೆಯ ಸ್ವಿಫ್ಟ್ ಡೀಸೆಲ್‌ನಲ್ಲಿ ಇರುವುದು ಚೈನು. ನಮ್ಮ 800ರ 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ನಿಗೆ ಬೆಲ್ಟೇ. ಅದರಲ್ಲಿ ವಾಟರ್ ಪಂಪನ್ನು ತಿರುಗಿಸುವುದು ಹೊರಗಿನ ಇನ್ನೊಂದು ಬೆಲ್ಟ್. ಫ್ಯಾನು ಕರೆಂಟಿನಲ್ಲಿ ತಿರುಗುವುದಾದರೂ ಮೆಕ್ಯಾನಿಕ್‌ಗಳ ಬಾಯಲ್ಲಿ ಇದರ ಹೆಸರು ಇವತ್ತಿಗೂ ಫ್ಯಾನ್ ಬೆಲ್ಟ್. ಪಂಪ್ ಕುಳಿತಿರುವುದು ಮಾತ್ರ ಟೈಮಿಂಗ್ ಬೆಲ್ಟಿನ ಹಿಂದೆ. ಪಂಪ್ ತೆಗೆಯಬೇಕಾದರೆ ಬೆಲ್ಟ್ ಬಿಚ್ಚಲೇಬೇಕು. ಅಷ್ಟು ಬಿಚ್ಚಿದ ಮೇಲೆ ವಯಸ್ಸು ಗೊತ್ತಿಲ್ಲದ ಹಳೆಯ ಬೆಲ್ಟನ್ನೇ ವಾಪಸ್ ಹಾಕುವುದರಲ್ಲಿ ಅರ್ಥವಿಲ್ಲ. ಬೆಲ್ಟಿಗೆಂದು ಬಿಚ್ಚಿದವರು ಹಳೆಯ ಪಂಪನ್ನು ಉಳಿಸಿಕೊಳ್ಳುವುದೂ ಅಷ್ಟೇ. ಕೂಲಿ ಒಂದೇ ಸಲದ್ದು, ಸಾಮಾನು ಎರಡರದ್ದು.

ಶುಕ್ರವಾರ ಸಂಜೆ ಪಂಪ್‌ವೆಲ್ ಕಡೆಯ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆವು. ವಾಟರ್ ಪಂಪಿಗೆ ಪಂಪ್‌ವೆಲ್ಲಿಗೇ ಹೋಗಬೇಕಾಗಿ ಬಂದದ್ದಕ್ಕೆ ಅಮ್ಮ ದಾರಿಯುದ್ದಕ್ಕೂ ನಕ್ಕರು. ಮಾಮ ಅಂಗಡಿಯಲ್ಲಿ ನಗಲಿಲ್ಲ. ಹೊಸ ಪಂಪಿನ ಶಾಫ್ಟನ್ನು ಬೆರಳಲ್ಲಿ ತಿರುಗಿಸಿ, ಮೇಲೆ ಕೆಳಗೆ ಅಲುಗಿಸಿ ನೋಡಿದರು. ಬೆಲ್ಟಿನ ಹಲ್ಲುಗಳನ್ನು ನನ್ನಿಂದ ಎಣಿಸಿದರು. ಹಳೆಯದನ್ನು ಬಿಚ್ಚಿದ ಮೇಲೆ ಇನ್ನೊಮ್ಮೆ ಎಣಿಸಿ ತಾಳೆ ನೋಡಲಿಕ್ಕೆ. ಬೆಲ್ಟನ್ನು ಮಡಚಬಾರದು, ತಿರುಚಬಾರದು, ಎಣ್ಣೆ ಕೈಯಲ್ಲಿ ಮುಟ್ಟಬಾರದು. ಒಳಗಿನ ನೂಲು ಮುರಿದರೆ ಹೊರಗಿನಿಂದ ಕಾಣುವುದಿಲ್ಲ. ಬೆಲ್ಟಿನ ಜೊತೆಗೆ ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್, ಹೊಸ ಫ್ಯಾನ್ ಬೆಲ್ಟ್, ಕೂಲೆಂಟ್, ಡಿಸ್ಟಿಲ್ಡ್ ವಾಟರ್. ಬಾವಿ ನೀರು ಸುರಿಯುವುದು ನಮ್ಮೂರಿನಲ್ಲಿ ಸಾಮಾನ್ಯ. ಆ ನೀರಿನ ಖನಿಜ ಎಂಜಿನ್ನಿನೊಳಗೆ ಕಟ್ಟಿಕೊಂಡು ಏನು ಮಾಡುತ್ತದೆ ಎಂದು ಮರುದಿನ ಕಣ್ಣಾರೆ ಕಂಡೆ.

ಶನಿವಾರ. ಮೊದಲ ಜಗಳ ಕಲ್ಲಿನ ಮೇಲೆ. ಅಂಗಳದಲ್ಲಿ ಹಿಂದಿನ ವರ್ಷದ ಕಾಂಪೌಂಡು ಕಟ್ಟಿ ಉಳಿದ ಕೆಂಪುಕಲ್ಲುಗಳಿದ್ದವು. ಜಾಕಿ ಕೊಟ್ಟು ಎತ್ತಿದ ಕಾರಿಗೆ ಎರಡು ಕಲ್ಲು ಇಟ್ಟರೆ ಸಾಕು ಎಂದು ಅಮ್ಮ. ಮಾಮ ಕುರ್ಚಿಯಿಂದಲೇ ಗುಡುಗಿದರು. ಕೆಂಪುಕಲ್ಲು ಗೋಡೆಯಲ್ಲಿ ಹರಡಿ ಬಿದ್ದ ಭಾರವನ್ನು ನೂರು ವರ್ಷ ಹೊರುತ್ತದೆ, ಆದರೆ ಒಂದೇ ಬಿಂದುವಿನಲ್ಲಿ ಭಾರ ಬಿದ್ದರೆ ಸೂಚನೆ ಕೊಡದೆ ಪುಡಿಯಾಗುತ್ತದೆ. ಕಾರಿನ ಜೊತೆ ಬರುವ ಜಾಕಿ ಟೈರ್ ಬದಲಿಸಲಿಕ್ಕೆ ಮಾತ್ರ, ಅದನ್ನು ನಂಬಿ ಕಾರಿನಡಿ ಕೈ ಹಾಕಬಾರದು. ಟೈರ್ ಅಂಗಡಿಯೊಂದರಿಂದ ಎರಡು ಕಬ್ಬಿಣದ ಸ್ಟ್ಯಾಂಡ್ ಬಾಡಿಗೆಗೆ ತಂದೆವು. ಈ ಬರಹ ಓದಿ ನಿಮಗೂ ಕೈ ತುರಿಸಿದರೆ ಇದೊಂದನ್ನು ಮಾತ್ರ ಉಳಿಸಲು ಹೋಗಬೇಡಿ. ಎಂಜಿನ್ ಪೂರ್ತಿ ತಣ್ಣಗಿರಬೇಕು, ಹ್ಯಾಂಡ್‌ಬ್ರೇಕ್ ಎಳೆದಿರಬೇಕು, ಹಿಂದಿನ ಚಕ್ರಗಳಿಗೆ ಅಡ್ಡ ಕೊಟ್ಟಿರಬೇಕು. ಬ್ಯಾಟರಿಯ ನೆಗೆಟಿವ್ ತೆಗೆದು, ಕೀಲಿಯನ್ನು ಅಮ್ಮನ ಸೆರಗಿಗೆ ಕಟ್ಟಿಸಿದೆವು.

ರೇಡಿಯೇಟರಿನಿಂದ ಕೂಲೆಂಟ್ ಇಳಿಸಿದಾಗ ಬಂದದ್ದು ಹಸಿರು ಅಲ್ಲ, ರಾಗಿ ಅಂಬಲಿಯ ಬಣ್ಣ. ಅದನ್ನು ಹಳೆಯ ಎಣ್ಣೆ ಕ್ಯಾನಿಗೆ ತುಂಬಿ ಮುಚ್ಚಳ ಹಾಕಿ ಆಮೇಲೆ ಗ್ಯಾರೇಜಿಗೆ ಒಪ್ಪಿಸಿದೆವು. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ವಿಷ. ನಾಯಿ ಬೆಕ್ಕುಗಳು ನೆಕ್ಕಿ ಸಾಯುತ್ತವೆ. ತೋಡಿಗೆ ಚೆಲ್ಲುವಂಥದ್ದಲ್ಲ.

ಬೆಲ್ಟ್ ಇರುವ ಬದಿಯ ಮುಂಚಕ್ರ ಕಳಚಿದೆ. ಪಂಪಿನ ಪುಲ್ಲಿಯ ಬೋಲ್ಟ್‌ಗಳನ್ನು ಫ್ಯಾನ್ ಬೆಲ್ಟ್ ಬಿಗಿಯಾಗಿರುವಾಗಲೇ ಸಡಿಲಿಸಿಕೊಳ್ಳಬೇಕು. ಬೆಲ್ಟ್ ತೆಗೆದ ಮೇಲಾದರೆ ಪುಲ್ಲಿ ಸುಮ್ಮನೆ ತಿರುಗುತ್ತದೆ. ಕೆಳಗಿನ ಕ್ರ್ಯಾಂಕ್ ಪುಲ್ಲಿಗೆ ಅಮ್ಮ ಬೇಕಾಯಿತು. ಗಾಡಿಯನ್ನು ಟಾಪ್ ಗೇರಿಗೆ ಹಾಕಿ ಬ್ರೇಕ್ ಒತ್ತಿ ಹಿಡಿದರೆ ಎಂಜಿನ್ ತಿರುಗದು. ಅಮ್ಮ ಎರಡೂ ಕಾಲಿನಿಂದ ಬ್ರೇಕ್ ಒತ್ತಿದರು, ನಾನು ಕೊಳವೆ ಸಿಕ್ಕಿಸಿದ ಸ್ಪ್ಯಾನರನ್ನು ಇಡೀ ಮೈಭಾರದಿಂದ ಎಳೆದೆ. ಮೊದಲ ಬೋಲ್ಟ್ ಬಿಟ್ಟುಕೊಂಡಾಗ ಬಂದ ‘ಟಕ್’ ಎಂಬ ಸದ್ದಿಗೆ ಏನೋ ಮುರಿಯಿತು ಎಂದು ಅಮ್ಮ ಕಿರುಚಿದರು. ತುಕ್ಕು ಬಿಟ್ಟುಕೊಂಡ ಸದ್ದು ಅದು. ಕರಾವಳಿಯ ಉಪ್ಪುಗಾಳಿಯಲ್ಲಿ ಹದಿನೆಂಟು ವರ್ಷ ನಿಂತ ಬೋಲ್ಟುಗಳು. ಪಂಪಿನ ಒಂದು ಬೋಲ್ಟ್ ಮಾತ್ರ ಏನು ಮಾಡಿದರೂ ಜಗ್ಗಲಿಲ್ಲ. ನಾನು ಇನ್ನೂ ಉದ್ದದ ಕೊಳವೆ ತರಲು ಹೊರಟೆ. ಮಾಮ ತಡೆದರು.

‘ಅದು ಈಗ ತುಂಡಾದರೆ ಸೋಮವಾರ ಇಡ್ಲಿ ಇಲ್ಲ. ಎಣ್ಣೆ ಹಾಕಿ ಬಿಡು, ಊಟ ಮಾಡುವ.’

ತುಕ್ಕು ಸಡಿಲಿಸುವ ಎಣ್ಣೆ ಹೊಡೆದು, ಸಣ್ಣ ಸುತ್ತಿಗೆಯಲ್ಲಿ ತಲೆಗೆ ಮೆಲ್ಲಗೆ ತಟ್ಟಿ ಬಿಟ್ಟೆವು. ಎರಡು ಗಂಟೆಗೊಮ್ಮೆ ಇದೇ ಸೇವೆ. ಅಷ್ಟರಲ್ಲಿ ಕೆಲಸದ ಮುಖ್ಯ ಭಾಗಕ್ಕೆ ಬಂದೆವು.

ಮೂರೂ ಸ್ಪಾರ್ಕ್ ಪ್ಲಗ್ ತೆಗೆದರೆ ಎಂಜಿನ್ ಒಳಗೆ ಗಾಳಿಯ ಒತ್ತಡ ಇರುವುದಿಲ್ಲ, ಕೈಯಲ್ಲೇ ತಿರುಗಿಸಬಹುದು. ಹೊರಗಿನ ಕವಚ ತೆಗೆದೆ. ಒಳಗೆ ಆ ಬೆಲ್ಟ್. ಅಂಚು ಹಿಂಜಿ ನೂಲು ಎದ್ದಿತ್ತು, ಬೆನ್ನಿನ ಮೇಲೆ ಗೆರೆ ಗೆರೆಯಾಗಿ ಬಿರುಕು. ಅಮ್ಮ ನೋಡಿ ಮಾತಾಡಲಿಲ್ಲ. ದಿನಾ ಬೆಳಿಗ್ಗೆ ಅದನ್ನು ನಂಬಿ ಹೆದ್ದಾರಿ ದಾಟುತ್ತಿದ್ದವರು ಅವರು.

ಮೇಲಿನ ಹಲ್ಲುಚಕ್ರದಲ್ಲಿ ಒಂದು ಗುರುತು. ಅದು ಹಿಂದಿನ ತಗಡಿನ ಗುರುತಿಗೆ ನೇರ ಬರಬೇಕು. ಕೆಳಗಿನ ಹಲ್ಲುಚಕ್ರದಲ್ಲಿ ಒಂದು ಚುಕ್ಕೆ. ಅದು ಆಯಿಲ್ ಪಂಪಿನ ಮೈಯಲ್ಲಿರುವ ಬಾಣಕ್ಕೆ ನೇರ ಬರಬೇಕು. ಎರಡೂ ಒಂದೇ ಹೊತ್ತಿಗೆ. ಕೆಳಗಿನದು ಎರಡು ಸುತ್ತಿಗೊಮ್ಮೆ ಮಾತ್ರ ಮೇಲಿನದಕ್ಕೆ ತಾಳೆಯಾಗುವುದರಿಂದ ಕೆಳಗಿನ ಚುಕ್ಕೆ ಸರಿಯಿದೆ ಎಂದು ಸಮಾಧಾನಪಟ್ಟುಕೊಂಡರೆ ಮೇಲಿನದು ಅರ್ಧ ಸುತ್ತು ಆಚೆ ಇರಬಹುದು. ಮಾಮನಿಗೆ ಬಗ್ಗಿ ನೋಡುವಂತಿಲ್ಲ. ಫೋನಿನಲ್ಲಿ ಫೋಟೊ ತೆಗೆದು ತೋರಿಸಿದೆ. ಕಪ್ಪು ಕನ್ನಡಕದೊಳಗಿಂದ ಅವರಿಗೆ ಅದೆಲ್ಲ ಬೂದು ಬಣ್ಣದ ಮುದ್ದೆ. ಫೋನ್ ಬದಿಗಿಡಿಸಿ ಹೇಳಿದರು: ‘ಬಾಯಲ್ಲಿ ಹೇಳು. ಏನು ಕಾಣ್ತದೆ, ಹಾಗೇ ಹೇಳು. ಸರಿಯಾಗಿ ಉಂಟು ಅಂತ ಮಾತ್ರ ಹೇಳಬೇಡ.’

ಇದು ಎಷ್ಟು ಕಷ್ಟ ಎಂದು ಮಾಡಿ ನೋಡಿದರೆ ಗೊತ್ತಾಗುತ್ತದೆ. ‘ಸರಿ ಇದೆ’ ಎನ್ನುವುದು ಅಭಿಪ್ರಾಯ. ಅವರಿಗೆ ಬೇಕಾದದ್ದು ಅದಲ್ಲ. ಚುಕ್ಕೆ ಬಾಣದ ತುದಿಗೆ ಮುಟ್ಟಿದೆಯಾ, ಬಲಕ್ಕಿದೆಯಾ, ಎಡಕ್ಕಿದೆಯಾ? ಎಷ್ಟು, ಕಾಲು ಹಲ್ಲಾ, ಅರ್ಧವಾ? ನಿನ್ನ ಕಣ್ಣು ಅದರ ನೇರಕ್ಕೆ ಇದೆಯಾ, ಓರೆಯಿಂದ ನೋಡುತ್ತಿದ್ದೀಯಾ? ನೆಲದ ಮೇಲೆ ಗೋಣಿ ಹಾಸಿ, ಕೆನ್ನೆಯನ್ನು ಬ್ರೇಕ್ ಡಿಸ್ಕಿನ ಪಕ್ಕ ತಂದು ನೋಡಿದಾಗಲೇ ಚುಕ್ಕೆ ನಿಜವಾಗಿ ಎಲ್ಲಿದೆ ಎಂದು ತಿಳಿದದ್ದು. ಆಮೇಲೆ ನನ್ನ ಪೆನ್ಸಿಲ್ ಬಾಕ್ಸಿನ ವೈಟ್ನರ್ ಕೆಲಸಕ್ಕೆ ಬಂತು. ಕಾರ್ಖಾನೆಯ ಗುರುತುಗಳ ಮೇಲೆ, ಅದರ ಎದುರಿನ ಲೋಹದ ಮೇಲೆ, ಹಳೆಯ ಬೆಲ್ಟಿನ ಮೇಲೆ ಬಿಳಿ ಗೆರೆ. ಹಳೆಯ ಬೆಲ್ಟಿನ ಎರಡು ಗೆರೆಗಳ ನಡುವೆ ಎಷ್ಟು ಹಲ್ಲು ಎಂದು ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಒಂದು ಕಡೆ ಗುರುತು ಸುಳ್ಳು ಹೇಳಿದರೆ ಇನ್ನೊಂದು ಕಡೆ ಲೆಕ್ಕ ಹಿಡಿಯುತ್ತದೆ.

ಟೆನ್ಷನರ್ ಸಡಿಲಿಸಿ ಬೆಲ್ಟ್ ಎಳೆದುಕೊಂಡೆ. ಹೊರಬಂದದ್ದೇ ತಡ, ಮೇಲಿನ ಚಕ್ರ ತನ್ನಷ್ಟಕ್ಕೆ ಒಂದಿಷ್ಟು ಹಾರಿ ನಿಂತಿತು. ನನ್ನ ಜೀವವೂ ಹಾರಿತು. ಹೇಳಿದಾಗ ಮಾಮ ನಕ್ಕುಬಿಟ್ಟರು. ‘ವಾಲ್ವಿನ ಸ್ಪ್ರಿಂಗ್ ತಳ್ಳುವುದು ಮಾರಾಯ್ತಿ. ಯಾವ ಕಡೆ ಹೋಯಿತು, ಎಷ್ಟು ಹೋಯಿತು ಬರೆದುಕೋ. ವಾಪಸ್ ತರುವಾಗ ಮೆಲ್ಲಗೆ ತರಬೇಕು.’ ವೈಟ್ನರ್ ಗೆರೆ ಇದ್ದದ್ದರಿಂದ ಎಷ್ಟು ಎಂದು ಹೇಳಲು ಸಾಧ್ಯವಾಯಿತು: ಒಂದೂವರೆ ಹಲ್ಲು.

ರಾತ್ರಿ ಎಂಟೂವರೆಗೆ ಆ ಹಟಮಾರಿ ಬೋಲ್ಟ್ ಬಿಟ್ಟುಕೊಟ್ಟಿತು. ಪಂಪ್ ಕೈಗೆ ಬಂತು. ಅದರ ಕುತ್ತಿಗೆಯಲ್ಲಿ ಸಣ್ಣ ತೂತೊಂದಿದೆ, ಒಳಗಿನ ಸೀಲು ಸವೆದರೆ ನೀರು ಬೇರಿಂಗಿಗೆ ಹೋಗದೆ ಆ ತೂತಿನಿಂದ ಹೊರಬಂದು ಮೊದಲೇ ಸೂಚನೆ ಕೊಡಲಿ ಎಂದು. ಅಲ್ಲಿಂದ ಕೆಳಗೆ ಒಣಗಿದ ಹಸಿರು ಗೆರೆ. ನಮ್ಮ ರಟ್ಟಿನ ಕಲೆಯ ಮೂಲ ಅದು. ಶಾಫ್ಟ್ ಹಿಡಿದು ಅಲುಗಿಸಿದರೆ ಲಟಲಟ. ಒಳಗೆ ನೀರು ತಳ್ಳುವ ರೆಕ್ಕೆಗಳು ಇಲಿ ಕಚ್ಚಿದ ಹಪ್ಪಳದ ಹಾಗೆ ತಿಂದುಹೋಗಿದ್ದವು. ಬಾವಿ ನೀರಿನ ಕೆಲಸ.

ಭಾನುವಾರ ಬೆಳಿಗ್ಗೆಯೆಲ್ಲ ಹಳೆಯ ಗ್ಯಾಸ್ಕೆಟ್ ಕೆರೆಯುವುದರಲ್ಲೇ ಹೋಯಿತು. ಬೇಸರದ ಕೆಲಸ, ಬೇಗ ಮುಗಿಸುವಂತೆಯೂ ಇಲ್ಲ. ಕಾಗದದ ಒಂದು ಚೂರು ಉಳಿದರೂ ಹೊಸ ಪಂಪ್ ಅದೇ ಜಾಗದಲ್ಲಿ ಸೋರುತ್ತದೆ. ಗಟ್ಟಿ ಕೆರೆದರೆ ಅಲ್ಯುಮಿನಿಯಂ ಮೇಲೆ ಗೀರು ಬೀಳುತ್ತದೆ, ಆಗಲೂ ಸೋರುತ್ತದೆ. ಹೊಸ ಪಂಪ್ ಕೂರಿಸಿ ಬೋಲ್ಟ್‌ಗಳನ್ನು ಎದುರು-ಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆ. ಇಲ್ಲಿ ಎರಡನೇ ಜಗಳ. ಬಿಗಿ ಎಷ್ಟು ಎಂದು ಅಳೆಯುವ ಟಾರ್ಕ್ ರೆಂಚನ್ನು ಗೆಳತಿಯ ಅಣ್ಣನಿಂದ ತಂದಿದ್ದೆ. ಮಾಮನಿಗೆ ಅದು ಅವಮಾನ. ‘ಮಣಿಕಟ್ಟಿಗೆ ಗೊತ್ತಾಗ್ತದೆ’ ಎಂದರು. ಗೊತ್ತಾಗುವುದು ಅವರ ಮಣಿಕಟ್ಟಿಗೆ, ಕೆಲಸ ಮಾಡುತ್ತಿದ್ದದ್ದು ನನ್ನದು. ಸರ್ವಿಸ್ ಕೈಪಿಡಿಯ ಜೆರಾಕ್ಸ್‌ನಲ್ಲಿದ್ದ ಅಂಕಿಗೇ ಬಿಗಿ ಮಾಡಿದೆ. ಅವರು ಅರ್ಧ ಗಂಟೆ ಮಾತಾಡಲಿಲ್ಲ. ಆಮೇಲೆ ಆ ರೆಂಚನ್ನು ಕೈಗೆ ಇಸಿದುಕೊಂಡು, ಕ್ಲಿಕ್ ಎನ್ನುವುದನ್ನು ನಾಲ್ಕೈದು ಸಲ ಕೇಳಿ, ಬೆಲೆ ಎಷ್ಟು ಎಂದು ವಿಚಾರಿಸಿದರು.

ಹೊಸ ಟೆನ್ಷನರ್, ಹೊಸ ಬೆಲ್ಟ್. ಟೆನ್ಷನರ್ ಇಲ್ಲದ ಬದಿ ಸಡಿಲ ಇರದ ಹಾಗೆ ಮೊದಲು ಕೂರಿಸಿಕೊಂಡು, ಉಳಿದ ಸಡಿಲವೆಲ್ಲ ಟೆನ್ಷನರ್ ಕಡೆಗೆ ಬರಬೇಕು. ಅಲ್ಲಿ ಸ್ಪ್ರಿಂಗ್ ತಾನೇ ಎಳೆದುಕೊಳ್ಳುತ್ತದೆ. ಗುರುತುಗಳು ಕೂತವು. ನನಗಂತೂ ಕೆಲಸ ಮುಗಿದ ಹಾಗೆಯೇ ಅನಿಸಿತು.

‘ಈಗ ಕೈಯಲ್ಲಿ ಎರಡು ಸುತ್ತು ತಿರುಗಿಸು. ಗಡಿಯಾರದ ಮುಳ್ಳಿನ ದಿಕ್ಕಿಗೆ ಮಾತ್ರ. ಹಿಂದಕ್ಕೆ ಬೇಡ. ಎಲ್ಲಿಯಾದರೂ ಗಟ್ಟಿಯಾಗಿ ತಡೆದರೆ ಅಲ್ಲಿಗೇ ನಿಲ್ಲಿಸು, ಒತ್ತಬೇಡ.’

ಗಟ್ಟಿಯಾಗಿ ತಡೆದರೆ ಅದರ ಅರ್ಥ ಪಿಸ್ಟನ್ ವಾಲ್ವಿಗೆ ಮುಟ್ಟುತ್ತಿದೆ ಎಂದು. ಕೈಯಲ್ಲಿ ತಿರುಗಿಸುವಾಗ ಮುಟ್ಟಿದರೆ ಏನೂ ಆಗುವುದಿಲ್ಲ, ಬಿಚ್ಚಿ ಸರಿ ಮಾಡಬಹುದು. ಕೀಲಿ ತಿರುಗಿಸಿದ ಮೇಲೆ ಮುಟ್ಟಿದರೆ ಅಮ್ಮನ ನಾಲ್ಕು ಗಿರಾಕಿಗಳೂ ಹೋದ ಹಾಗೆ. ಹೊಸ ತಲೆ ಕಟ್ಟಿಸುವಷ್ಟು ಹಣ ನಮ್ಮಲ್ಲಿರಲಿಲ್ಲ. 2022ರಲ್ಲಿ ಹದಿನೈದು ವರ್ಷ ತುಂಬಿದಾಗ ಆರ್‌ಸಿ ನವೀಕರಣದ ಶುಲ್ಕವೇ 5,000 ರೂಪಾಯಿ ಆಗಿತ್ತು. ಇನ್ನೂ ಸುರಿಯುವುದಕ್ಕಿಂತ ಕಾರನ್ನು ಗುಜರಿಗೆ ಕೊಡುವುದೇ ಮೇಲು ಎಂದು ಆಗಲೇ ನೆಂಟರು ಹೇಳಿಯಾಗಿತ್ತು.

ತಿರುಗಿಸಿದೆ. ಕಾಲು ಸುತ್ತಿಗೊಮ್ಮೆ ನಿಲ್ಲಿಸಿ ಹೇಳಿದೆ. ಒಂದೊಂದು ಸಲ ಭಾರವಾಗುತ್ತದೆ, ಮತ್ತೆ ಹಗುರವಾಗುತ್ತದೆ. ಭಾರವಾಗುವುದು ಸ್ಪ್ರಿಂಗಿನದ್ದೋ ಲೋಹ ತಾಗಿದ್ದೋ? ಸ್ಪ್ರಿಂಗ್ ಆದರೆ ಮೆತ್ತಗೆ ತಳ್ಳಿ ಆಮೇಲೆ ಬಿಟ್ಟುಕೊಡುತ್ತದೆ, ಲೋಹವಾದರೆ ಗೋಡೆಗೆ ಹೊಡೆದ ಹಾಗೆ ನಿಲ್ಲುತ್ತದೆ ಎಂದರು ಮಾಮ. ಮೆತ್ತಗೆ ತಳ್ಳುತ್ತಿತ್ತು. ಎರಡು ಸುತ್ತು ಮುಗಿಯಿತು. ಗೋಣಿಯ ಮೇಲೆ ಮಲಗಿ ಕೆಳಗಿನ ಚುಕ್ಕೆ ನೋಡಿದೆ: ಬಾಣದ ತುದಿಗೆ ನೇರ. ಎದ್ದು ಮೇಲಿನದು ನೋಡಿದೆ: ನೇರ. ಟೆನ್ಷನರ್ ಬಿಗಿ ಮಾಡಿದೆ. ಮಾಮ ಇನ್ನೂ ಎರಡು ಸುತ್ತು ತಿರುಗಿಸು ಎಂದರು. ತಿರುಗಿಸಿದೆ. ಮತ್ತೆ ನೇರ. ಹಲ್ಲು ಎಣಿಸಿ ನೋಟ್‌ಬುಕ್ಕಿಗೆ ತಾಳೆ ನೋಡಿದೆ. ತಾಳೆಯಾಯಿತು. ‘ನೀನು ಹೇಳಿದ್ದನ್ನು ನಂಬಿ ಕೀಲಿ ಕೊಡ್ತೇನೆ, ಆಯ್ತಾ?’ ಎಂದರು. ಮೂವತ್ತು ವರ್ಷ ತಮ್ಮ ಕಣ್ಣಿನಿಂದ ನೋಡದೆ ಒಂದು ಎಂಜಿನ್ನನ್ನೂ ಹೊರಬಿಟ್ಟವರಲ್ಲ ಅವರು.

ಎಲ್ಲ ಕೂರಿಸಿ, ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಸಮಸಮ ಬೆರೆಸಿ ತುಂಬಿದಾಗ ಸಂಜೆ ಆರು. ಅಮ್ಮ ಸೆರಗಿನಿಂದ ಕೀಲಿ ಬಿಚ್ಚಿ ನನಗೇ ಕೊಟ್ಟರು. ಮೊದಲ ಸಲ ತಿರುಗಿಸಿದಾಗ ಹಿಡಿಯಲಿಲ್ಲ. ಎರಡನೇ ಸಲ ಹಿಡಿಯಿತು. ಮೂರು ಸಿಲಿಂಡರಿನ ಆ ಗುರುಗುರು ಸದ್ದನ್ನು ನಾನು ಯಾವತ್ತೂ ಅಷ್ಟು ಗಮನವಿಟ್ಟು ಕೇಳಿರಲಿಲ್ಲ. ಮಾಮ ಎದ್ದುಬಂದು ಸ್ಕ್ರೂಡ್ರೈವರ್ ಕಿವಿಗಿಟ್ಟುಕೊಂಡು ಹೊಸ ಪಂಪನ್ನು ಕೇಳಿದರು. ಅಲ್ಲಿಗೂ ಮುಗಿಯುವುದಿಲ್ಲ. ತಣ್ಣಗಿದ್ದಾಗಲೇ ರೇಡಿಯೇಟರಿನ ಮುಚ್ಚಳ ತೆಗೆದಿಟ್ಟು ಎಂಜಿನ್ ಓಡಿಸಿದರೆ ಒಳಗೆ ಸಿಕ್ಕಿಕೊಂಡ ಗಾಳಿ ಗುಳ್ಳೆಗುಳ್ಳೆಯಾಗಿ ಹೊರಬರುತ್ತದೆ; ಮಟ್ಟ ಇಳಿದ ಹಾಗೆ ತುಂಬಬೇಕು. ಗುಳ್ಳೆ ನಿಂತ ಮೇಲೆ ಮುಚ್ಚಳ ಹಾಕಿ, ಫ್ಯಾನು ತಾನಾಗಿ ಚಾಲೂ ಆಗಿ ಮತ್ತೆ ತಾನಾಗಿ ನಿಲ್ಲುವವರೆಗೆ ಕಾದೆವು. ಬಿಸಿಯಾದ ಮೇಲೆ ಆ ಮುಚ್ಚಳಕ್ಕೆ ಕೈ ಹಾಕಿದರೆ ಕುದಿನೀರು ಮುಖಕ್ಕೆ ಹಾರುತ್ತದೆ, ಅದನ್ನು ನೆನಪಿಡಿ.

ಸೋಮವಾರ ಆರೂಕಾಲಕ್ಕೆ ಇಡ್ಲಿ ಹೊರಟಿತು. ನಾನು ಪಕ್ಕದ ಸೀಟಿನಲ್ಲಿ ಟೂಲ್ಸ್ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ.

ಬಿ.ಕಾಂ. ಓದಿದ ಕರ್ಮಕ್ಕೆ ಲೆಕ್ಕ ಬರೆದಿಟ್ಟಿದ್ದೇನೆ. ಪಂಪ್ 1,150, ಟೆನ್ಷನರ್ 620, ಟೈಮಿಂಗ್ ಬೆಲ್ಟ್ 480, ಕೂಲೆಂಟ್ 340, ಫ್ಯಾನ್ ಬೆಲ್ಟ್ 160, ಡಿಸ್ಟಿಲ್ಡ್ ವಾಟರ್ 60, ಎಣ್ಣೆ, ಪಾಲಿಶ್ ಪೇಪರ್ ಇತ್ಯಾದಿ 240, ಸ್ಟ್ಯಾಂಡ್ ಬಾಡಿಗೆ 100. ಒಟ್ಟು 3,150. ಗ್ಯಾರೇಜಿಗೆ ಹೋಲಿಸಿದರೆ ಉಳಿದದ್ದು 4,350. ನಾನು ದುಡಿದದ್ದು 17 ಗಂಟೆ. ಗಂಟೆಗೆ 255 ರೂಪಾಯಿ ಚಿಲ್ಲರೆ. ಕೈಯಲ್ಲಿ ಡಿಗ್ರಿ ಹಿಡಿದು ಹೋದ ಎರಡು ಸಂದರ್ಶನಗಳಲ್ಲಿ ನನಗೆ ಹೇಳಿದ ಸಂಬಳಕ್ಕಿಂತ ಇದು ಎಷ್ಟೋ ಹೆಚ್ಚು. ಆದರೆ ಲೆಕ್ಕದ ಇನ್ನೊಂದು ಬದಿ ಬರೆಯದಿದ್ದರೆ ಮೋಸವಾಗುತ್ತದೆ. ಗ್ಯಾರೇಜಿನ ದರದಲ್ಲಿ ಹೊಣೆಯೂ ಸೇರಿರುತ್ತದೆ. ಏನಾದರೂ ಕೆಟ್ಟರೆ ಹೋಗಿ ಕೇಳಬಹುದು. ನಮ್ಮಲ್ಲಿ ಕೇಳಲು ಇದ್ದದ್ದು ನಾವೇ. ಮಾಮನ ಮೂವತ್ತು ವರ್ಷಕ್ಕೆ ನಾನು ಒಂದು ಪೈಸೆ ಹಾಕಿಲ್ಲ. ಕುರ್ಚಿಯಲ್ಲಿ ಅಂಥವರೊಬ್ಬರು ಇಲ್ಲದಿದ್ದರೆ ವಿಡಿಯೊ ನೋಡಿ ಈ ಕೆಲಸಕ್ಕೆ ಇಳಿಯಿರಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ವಿಡಿಯೊ ನಿಮ್ಮನ್ನು ‘ಎಷ್ಟು, ಕಾಲು ಹಲ್ಲಾ ಅರ್ಧವಾ’ ಎಂದು ಕೇಳುವುದಿಲ್ಲ.

ಈ ಕೆಲಸ ಇಷ್ಟವಾದವರಿಗೆ ಸರಿಯಾದ ದಾರಿ ನಮ್ಮೂರಿನಲ್ಲೇ ಇದೆ. ಕದ್ರಿಯ ಕೆಪಿಟಿಯಲ್ಲಿ ಆಟೊಮೊಬೈಲ್ ಡಿಪ್ಲೊಮಾ ಇದೆ. ಹತ್ತನೇ ತರಗತಿ ಪಾಸಾದವರಿಗೆ ಐಟಿಐಗಳಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ಎಂಬ ಎರಡು ವರ್ಷದ ಟ್ರೇಡ್ ಇದೆ. ನಾನು ಹೈಸ್ಕೂಲಿನಲ್ಲಿದ್ದಾಗ ಯಾರೂ ನನ್ನ ಮುಂದೆ ಈ ಹೆಸರುಗಳನ್ನು ಎತ್ತಲಿಲ್ಲ. ನನ್ನ ಚಿಕ್ಕಪ್ಪನ ಮಗನಿಗೆ ಮಾತ್ರ ಎತ್ತಿದ್ದರು, ಅವನಿಗೆ ಮಾರ್ಕು ಕಮ್ಮಿ ಬಂದಾಗ, ಶಿಕ್ಷೆಯ ಹಾಗೆ.

ಸುದ್ದಿ ಓಣಿಯಲ್ಲಿ ಹರಡಿತು. ಎದುರು ಮನೆಯ ಅಂಕಲ್ ಬಂದು ತಮ್ಮ ಡಸ್ಟರ್ ಕಾರಿನದ್ದೂ ನೋಡು ಎಂದರು. ಹಣ ಕೊಡ್ತೇನೆ ಎಂದೂ ಸೇರಿಸಿದರು. ನನಗೆ ಆಸೆಯಾಯಿತು. ಆದರೆ ಅದು 1.5 ಲೀಟರಿನ ಡೀಸೆಲ್. ಅದರಲ್ಲಿ ವಾಟರ್ ಪಂಪನ್ನು ತಿರುಗಿಸುವುದೇ ಟೈಮಿಂಗ್ ಬೆಲ್ಟ್, ಡೀಸೆಲ್ಲಿನ ಹೈಪ್ರೆಶರ್ ಪಂಪೂ ಅದೇ ಬೆಲ್ಟಿನಲ್ಲಿ. ಪಂಪಿನ ಬೇರಿಂಗ್ ಹಿಡಿದುಕೊಂಡರೆ ಬೆಲ್ಟನ್ನೂ ಕೊಂಡುಹೋಗುತ್ತದೆ. ಬಿಚ್ಚಬೇಕಾದರೆ ಎಂಜಿನ್ನಿಗೆ ಅಡಿಯಿಂದ ಆಧಾರ ಕೊಟ್ಟು, ಕ್ಯಾಮ್ ಮತ್ತು ಕ್ರ್ಯಾಂಕ್ ಎರಡನ್ನೂ ಅದಕ್ಕೆಂದೇ ಇರುವ ಪಿನ್ನುಗಳಿಂದ ಬಂಧಿಸಬೇಕು. ವೈಟ್ನರಿನಲ್ಲಿ ಮುಗಿಯುವ ಕೆಲಸವಲ್ಲ. ಅಂಗಡಿಗೇ ಕೊಡಿ ಅಂಕಲ್, ಬೆಲ್ಟಿನ ಜೊತೆ ಪಂಪನ್ನೂ ಬದಲಿಸಲು ಹೇಳಿ, ಹಳೆಯ ಸಾಮಾನು ಕೇಳಿ ತನ್ನಿ ಎಂದೆ.

ಕಳೆದ ವಾರ ಅವರು ಹಳೆಯ ಪಂಪನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತಂದರು. ಮಾಮ ನಮ್ಮಲ್ಲೇ ಇದ್ದರು. ಚೀಲದಿಂದ ತೆಗೆದು, ಒಮ್ಮೆ ತಿರುಗಿಸಿ, ಏನೂ ಹೇಳದೆ ನನ್ನ ಕೈಗೆ ದಾಟಿಸಿದರು. ಶಾಫ್ಟ್ ಹಿಡಿದು ಮೇಲೆ ಕೆಳಗೆ ಅಲುಗಿಸಿದೆ. ಕಣ್ಣಿಗೆ ಕಾಣದಷ್ಟು, ಬೆರಳಿಗೆ ಮಾತ್ರ ತಿಳಿಯುವಷ್ಟು ಆಟ ಇತ್ತು.